ಹೊಸ ಬಾತ್‌ಟಬ್‌ಗೆ ಬಿಸಿನೀರು, ತಣ್ಣೀರಿನ ಸಂಪರ್ಕ: ಪೈಪು ಜೋಡಿಸುವ ಮೊದಲು ಒತ್ತಡ ನೋಡಿ

ಓದುಗರ ಪ್ರಶ್ನೆ: ಸ್ನಾನದ ಮನೆಯನ್ನು ಹೊಸದಾಗಿ ಮಾಡಿಸುತ್ತಿದ್ದೇವೆ. 150 ಲೀಟರ್ ನೀರು ಹಿಡಿಯುವ ಬಾತ್‌ಟಬ್ ತಂದಿದ್ದೇವೆ. ಅದರ ಅಂಚಿನ ಮೇಲೆ ಕೂರುವ ಮಿಕ್ಸರ್ ನಲ್ಲಿಗೆ ಒಂದು ಹ್ಯಾಂಡ್ ಶವರ್ ಕೂಡ ಇದೆ. 25 ಲೀಟರಿನ ಗೀಸರ್‌ಗೆ ನೀರು ಚಾವಣಿಯ ಮೇಲಿನ ಟ್ಯಾಂಕಿನಿಂದ ಇಳಿಯುತ್ತದೆ. ಟಬ್ಬಿನ ಪಕ್ಕದಲ್ಲಿರುವ ತಣ್ಣೀರಿನ ಪೈಪು ಮಾತ್ರ ಪ್ರೆಶರ್ ಪಂಪಿನ ಲೈನಿಗೆ ಸೇರಿದ್ದು. ಎರಡೂ ಅರ್ಧ ಇಂಚಿನ ಪೈಪುಗಳು. ಇವುಗಳಿಂದ ಕನೆಕ್ಷನ್ ಪೈಪುಗಳ ಮೂಲಕ ನೇರವಾಗಿ ಮಿಕ್ಸರ್‌ಗೆ ನೀರು ಕೊಟ್ಟರೆ ಸಾಕೇ?

ಉತ್ತರ: ಸಾಲದು. ಪೈಪನ್ನು ನಲ್ಲಿಗೆ ಜೋಡಿಸುವ ಕೆಲಸ ಕಷ್ಟದ್ದೇನಲ್ಲ. ಕೈ ಪಳಗಿದ ಪ್ಲಂಬರ್ ಅದನ್ನು ಒಂದೆರಡು ಗಂಟೆಯಲ್ಲಿ ಮುಗಿಸಿಬಿಡುತ್ತಾರೆ. ಆದರೆ ನೀವು ವಿವರಿಸಿರುವ ವ್ಯವಸ್ಥೆಯಲ್ಲಿ ಎರಡು ತೊಡಕುಗಳು ಅಡಗಿವೆ. ಬಿಸಿನೀರು ಮತ್ತು ತಣ್ಣೀರು ಬೇರೆ ಬೇರೆ ಒತ್ತಡದಲ್ಲಿ ಬರುತ್ತಿವೆ ಎಂಬುದು ಮೊದಲನೆಯದು. ಟಬ್ಬಿನ ಗಾತ್ರಕ್ಕೆ ಗೀಸರ್ ಚಿಕ್ಕದು ಎಂಬುದು ಎರಡನೆಯದು. ಇವೆರಡೂ ಟೈಲ್ಸ್ ಹಾಕುವ ಮೊದಲೇ ತೀರ್ಮಾನವಾಗಬೇಕಾದ ಸಂಗತಿಗಳು, ಏಕೆಂದರೆ ಆಮೇಲೆ ಸರಿಪಡಿಸಬೇಕೆಂದರೆ ಗೋಡೆ ಒಡೆಯದೆ ಬೇರೆ ದಾರಿ ಇರುವುದಿಲ್ಲ.

ಒತ್ತಡದ ವಿಷಯವನ್ನು ಮೊದಲು ನೋಡೋಣ. ಟ್ಯಾಂಕಿನಿಂದ ಇಳಿಯುವ ನೀರಿಗೆ ಒತ್ತಡ ಬರುವುದು ಎತ್ತರದಿಂದ ಮಾತ್ರ. ಹತ್ತು ಮೀಟರ್ ಎತ್ತರದ ನೀರು ಸುಮಾರು ಒಂದು ಬಾರ್ ಒತ್ತಡವನ್ನು ಕೊಡುತ್ತದೆ. ನಿಮ್ಮ ಟ್ಯಾಂಕಿನ ತಳ ಟಬ್ಬಿನ ನಲ್ಲಿಗಿಂತ ಮೂರು ಮೀಟರ್ ಮೇಲಿದೆ ಎಂದುಕೊಂಡರೆ ಬಿಸಿನೀರಿಗೆ ದೊರೆಯುವುದು 0.3 ಬಾರ್ ಮಾತ್ರ. ಪೈಪಿನ ತಿರುವುಗಳಲ್ಲಿ ಮತ್ತು ವಾಲ್ವ್‌ಗಳಲ್ಲಿ ಅದರಲ್ಲೂ ಒಂದಿಷ್ಟು ಕಳೆದುಹೋಗುತ್ತದೆ. ಪ್ರೆಶರ್ ಪಂಪಿನ ಲೈನಿನಲ್ಲಿ ಎರಡು ಬಾರ್ ಇದ್ದರೆ ತಣ್ಣೀರಿನ ಒತ್ತಡ ಬಿಸಿನೀರಿನದಕ್ಕಿಂತ ಆರೇಳು ಪಟ್ಟು ಹೆಚ್ಚಾಯಿತು. ಮಿಕ್ಸರ್‌ನ ಹೊಟ್ಟೆಯೊಳಗೆ ಈ ಎರಡೂ ನೀರು ಎದುರಾದಾಗ ಬಲವುಳ್ಳದ್ದು ಮುನ್ನುಗ್ಗುತ್ತದೆ, ಬಲವಿಲ್ಲದ್ದು ಹಿಂದೆ ಸರಿಯುತ್ತದೆ. ಹಿಡಿಯನ್ನು ಬಿಸಿನೀರಿನ ಕಡೆಗೆ ಪೂರ್ತಿ ತಿರುಗಿಸಿದಾಗ ನೀರು ಸಣ್ಣಗೆ ಸುರಿಯುತ್ತದೆ; ತುಸು ತಣ್ಣೀರು ಸೇರಿಸಿದೊಡನೆ ಬಿಸಿ ಪೂರ್ತಿ ಮಾಯವಾಗುತ್ತದೆ. ಬೆಲೆಬಾಳುವ ಮಿಕ್ಸರ್ ಹಾಕಿದರೂ ಇದು ಬದಲಾಗುವುದಿಲ್ಲ, ಏಕೆಂದರೆ ದೋಷ ಇರುವುದು ಮಿಕ್ಸರ್‌ನಲ್ಲಿ ಅಲ್ಲ.

ಇದಕ್ಕಿಂತ ಕೆಟ್ಟ ಪರಿಣಾಮ ಇನ್ನೊಂದಿದೆ. ಕೆಲವು ಹ್ಯಾಂಡ್ ಶವರ್‌ಗಳ ಹಿಡಿಕೆಯಲ್ಲೇ ನೀರು ನಿಲ್ಲಿಸುವ ಗುಂಡಿ ಇರುತ್ತದೆ. ಮಿಕ್ಸರನ್ನು ತೆರೆದೇ ಬಿಟ್ಟು ಗುಂಡಿಯಿಂದ ನೀರು ನಿಲ್ಲಿಸಿದರೆ, ಹೊರಗೆ ಹೋಗಲು ದಾರಿಯಿಲ್ಲದ ತಣ್ಣೀರು ಮಿಕ್ಸರ್ ಮೂಲಕವೇ ಬಿಸಿನೀರಿನ ಪೈಪಿಗೆ ನುಗ್ಗುತ್ತದೆ. ನಾನು ನೋಡಿದ ಒಂದು ಮನೆಯಲ್ಲಿ ಚಾವಣಿಯ ಟ್ಯಾಂಕು ರಾತ್ರಿಯಲ್ಲಿ ತುಂಬಿ ಹರಿಯುತ್ತಿತ್ತು. ಟ್ಯಾಂಕಿನ ಫ್ಲೋಟ್ ವಾಲ್ವನ್ನು ಎರಡು ಸಲ ಬದಲಾಯಿಸಿದರೂ ಅದು ನಿಂತಿರಲಿಲ್ಲ. ಕೊನೆಗೆ ಕಾರಣ ಸಿಕ್ಕಿದ್ದು ಸ್ನಾನದ ಮನೆಯಲ್ಲಿ: ಗುಂಡಿ ಒತ್ತಿ ನಿಲ್ಲಿಸಿ ತೂಗುಹಾಕಿದ್ದ ಹ್ಯಾಂಡ್ ಶವರ್ ಮತ್ತು ಗೀಸರಿನ ಒಳಹರಿವಿನಲ್ಲಿ ಕಸ ಸಿಕ್ಕಿಕೊಂಡು ಮುಚ್ಚದೆ ನಿಂತಿದ್ದ ನಾನ್ ರಿಟರ್ನ್ ವಾಲ್ವ್, ಅಂದರೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್. ಪಂಪಿನ ನೀರು ಮಿಕ್ಸರ್ ದಾಟಿ, ಗೀಸರ್ ಹೊಕ್ಕು, ಬಂದ ದಾರಿಯಲ್ಲೇ ಟ್ಯಾಂಕಿಗೆ ಏರುತ್ತಿತ್ತು.

ಆದ್ದರಿಂದ ಎರಡೂ ನೀರು ಒಂದೇ ಮೂಲದಿಂದ ಬರುವಂತೆ ಮಾಡುವುದು ಸರಿಯಾದ ಪರಿಹಾರ. ಅದಕ್ಕೆ ಎರಡು ದಾರಿಗಳಿವೆ. ಗೀಸರ್‌ಗೆ ನೀರು ತರುವ ಟ್ಯಾಂಕಿನ ಪೈಪಿನಲ್ಲಿಯೇ ಕವಲು ತೆಗೆಯುವ ಒಂದು ಟೀ ಫಿಟ್ಟಿಂಗ್ ಹಾಕಿ ಟಬ್ಬಿನ ತಣ್ಣೀರನ್ನೂ ಅಲ್ಲಿಂದಲೇ ತೆಗೆದುಕೊಳ್ಳುವುದು ಒಂದು. ಗೀಸರನ್ನೂ ಪಂಪಿನ ಲೈನಿಗೆ ಸೇರಿಸುವುದು ಇನ್ನೊಂದು. ಮೊದಲನೆಯದು ಸುಲಭ, ಆದರೆ 0.3 ಬಾರ್‌ನಲ್ಲಿ ನಿಮ್ಮ ಮಿಕ್ಸರ್ ಕೆಲಸ ಮಾಡುತ್ತದೆಯೇ ಎಂಬುದನ್ನು ಅದರ ಜೊತೆ ಬಂದ ಕಾಗದದಲ್ಲಿ ನೋಡಿಕೊಳ್ಳಬೇಕು. ಒಂದೇ ಹಿಡಿಯ ಮಿಕ್ಸರ್‌ಗಳಲ್ಲಿ ಅನೇಕವು ಇದಕ್ಕಿಂತ ಹೆಚ್ಚಿನ ಒತ್ತಡವನ್ನು ಬಯಸುತ್ತವೆ. ಎರಡನೆಯ ದಾರಿ ಹಿಡಿಯುವುದಾದರೆ ಗೀಸರಿನ ಮೈಮೇಲಿರುವ ಪಟ್ಟಿಯಲ್ಲಿ ಅದು ತಡೆಯಬಲ್ಲ ಒತ್ತಡ ಎಷ್ಟೆಂದು ಓದಿ. ಅದನ್ನು ಮೆಗಾಪಾಸ್ಕಲ್‌ನಲ್ಲಿ ಬರೆದಿದ್ದರೆ ಹತ್ತರಿಂದ ಗುಣಿಸಿದಾಗ ಬಾರ್ ಸಿಗುತ್ತದೆ. ಪಂಪು ಕೊಡಬಹುದಾದ ಗರಿಷ್ಠ ಒತ್ತಡ ಆ ಅಂಕಿಗಿಂತ ಸಾಕಷ್ಟು ಕೆಳಗಿದ್ದು, ಗೀಸರಿನ ಸೇಫ್ಟಿ ವಾಲ್ವ್ ಸುಸ್ಥಿತಿಯಲ್ಲಿದ್ದರೆ ನಾನು ಈ ಎರಡನೆಯ ದಾರಿಯನ್ನೇ ಆರಿಸುತ್ತೇನೆ. ತಣ್ಣೀರಿನ ಪೈಪಿಗೆ ಒತ್ತಡ ಇಳಿಸುವ ವಾಲ್ವ್ ಹಾಕಿ ಹೊಂದಿಸುವ ಮೂರನೆಯ ಉಪಾಯವೂ ಉಂಟು, ಆದರೆ 0.3 ಬಾರ್‌ಗೆ ಸಮನಾಗಿ ಇಳಿಸಿ ಅದನ್ನು ಅಲ್ಲಿಯೇ ಸ್ಥಿರವಾಗಿ ನಿಲ್ಲಿಸುವುದು ಕಷ್ಟ.

ಇನ್ನು ನೀರಿನ ಪ್ರಮಾಣ. ಮೈಗೆ ಹಿತವಾದ ಸ್ನಾನದ ನೀರಿನ ಉಷ್ಣತೆ ಸುಮಾರು 40 ಡಿಗ್ರಿ. ಗೀಸರಿನಲ್ಲಿ ನೀರು 60 ಡಿಗ್ರಿಯಲ್ಲಿದ್ದು ತಣ್ಣೀರು 25 ಡಿಗ್ರಿಯಲ್ಲಿದ್ದರೆ, ಮೂರು ಪಾಲು ಬಿಸಿನೀರಿಗೆ ನಾಲ್ಕು ಪಾಲು ತಣ್ಣೀರು ಬೆರೆಸಿದಾಗ 40 ಡಿಗ್ರಿ ಬರುತ್ತದೆ. ಈ ಲೆಕ್ಕದಲ್ಲಿ 150 ಲೀಟರ್ ತುಂಬಲು ಸುಮಾರು 64 ಲೀಟರ್ ಬಿಸಿನೀರು ಬೇಕು. ನಿಮ್ಮ 25 ಲೀಟರಿನ ಗೀಸರಿನಿಂದ ಹೆಚ್ಚೆಂದರೆ 58 ಲೀಟರ್ ಹದವಾದ ನೀರು ಸಿಕ್ಕೀತು. ವಾಸ್ತವದಲ್ಲಿ ಅಷ್ಟೂ ಸಿಗುವುದಿಲ್ಲ, ಏಕೆಂದರೆ ಬಿಸಿನೀರು ಹೊರಬರುತ್ತಿದ್ದಂತೆ ತಣ್ಣೀರು ಒಳಹೊಕ್ಕು ಉಳಿದದ್ದನ್ನೂ ತಣಿಸುತ್ತಾ ಹೋಗುತ್ತದೆ. ತಣ್ಣೀರು 15 ಡಿಗ್ರಿಗೆ ಇಳಿದಾಗ ಬೇಕಾಗುವ ಬಿಸಿನೀರು 83 ಲೀಟರಿಗೆ ಏರುತ್ತದೆ. ಟಬ್ಬಿನಲ್ಲಿ ಕುಳಿತವರ ಮೈ ನೀರನ್ನು ಮೇಲೆತ್ತುವುದರಿಂದ ಅದನ್ನು ಅಂಚಿನವರೆಗೆ ತುಂಬಿಸುವುದಿಲ್ಲ ಎಂಬುದನ್ನು ಗಮನಕ್ಕೆ ತೆಗೆದುಕೊಂಡರೂ 25 ಲೀಟರಿನ ಗೀಸರ್ ಸಾಲುವುದಿಲ್ಲ. ನೀರು ತುಂಬ ತಣ್ಣಗಾಗದ ಕಡೆ 80 ಲೀಟರಿನದೂ ಚಳಿ ಹೆಚ್ಚಿರುವ ಕಡೆ 100 ಲೀಟರಿನದೂ ಸೂಕ್ತ.

ಸಂಗ್ರಹವಿಲ್ಲದೆ ಆಗಿಂದಾಗ ಕಾಯಿಸಿಕೊಡುವ ಚಿಕ್ಕ ಗೀಸರ್ ಹಾಕಬಹುದಲ್ಲವೇ ಎಂದು ಹಲವರು ಕೇಳುತ್ತಾರೆ. ಮೂರು ಕಿಲೋವಾಟ್ ವಿದ್ಯುತ್ತು ನಿಮಿಷಕ್ಕೆ ಒಂದು ಲೀಟರ್ ನೀರಿನ ಉಷ್ಣತೆಯನ್ನು 43 ಡಿಗ್ರಿಯಷ್ಟು ಏರಿಸಬಲ್ಲದು. 25ರಿಂದ 40 ಡಿಗ್ರಿಗೆ ಏರಿಸುವುದಾದರೆ ನಿಮಿಷಕ್ಕೆ ಮೂರು ಲೀಟರ್ ಕೂಡ ದಾಟುವುದಿಲ್ಲ, ಅಂದರೆ ಟಬ್ಬು ತುಂಬಲು ಐವತ್ತು ನಿಮಿಷಕ್ಕೂ ಹೆಚ್ಚು ಬೇಕು. ಅಷ್ಟರಲ್ಲಿ ಮೊದಲು ಬಿದ್ದ ನೀರು ಆರಿರುತ್ತದೆ. ಕೈ ತೊಳೆಯುವ ಸಿಂಕಿಗೆ ಒಪ್ಪುವ ಉಪಕರಣ ಅದು, ಟಬ್ಬಿಗಲ್ಲ.

ಪೈಪಿನ ಗಾತ್ರ ಒತ್ತಡವನ್ನು ಅವಲಂಬಿಸಿದ್ದು. ಎರಡೂ ನೀರು ಪಂಪಿನ ಲೈನಿಂದ ಬರುವುದಾದರೆ ಅರ್ಧ ಇಂಚು ಸಾಕು; ನಿಮಿಷಕ್ಕೆ ಹತ್ತು ಹನ್ನೆರಡು ಲೀಟರ್ ಬಂದರೆ ಕಾಲು ಗಂಟೆಯೊಳಗೆ ಟಬ್ಬು ತುಂಬುತ್ತದೆ. ಟ್ಯಾಂಕಿನ ಒತ್ತಡವೊಂದನ್ನೇ ನಂಬುವುದಾದರೆ ಟ್ಯಾಂಕಿನಿಂದ ಟಬ್ಬಿನವರೆಗೆ ಮುಕ್ಕಾಲು ಇಂಚು ಇರಬೇಕು, ನಡುವೆ ಎಲ್ಲಿಯೂ ಅರ್ಧ ಇಂಚಿಗೆ ಇಳಿಯಬಾರದು. ಹಾಗೆಂದು ಅಗತ್ಯವಿಲ್ಲದೆ ದಪ್ಪ ಪೈಪು ಹಾಕುವುದೂ ಜಾಣತನವಲ್ಲ. ಒಳವ್ಯಾಸ 13 ಮಿಲಿಮೀಟರ್ ಇರುವ ಪೈಪು ಮೀಟರಿಗೆ ಸುಮಾರು 0.13 ಲೀಟರ್ ನೀರನ್ನು ಹಿಡಿದಿಟ್ಟರೆ, 20 ಮಿಲಿಮೀಟರಿನದು 0.31 ಲೀಟರ್ ಹಿಡಿಯುತ್ತದೆ. ಗೀಸರ್ ಹತ್ತು ಮೀಟರ್ ದೂರದಲ್ಲಿದ್ದರೆ ಪ್ರತಿ ಸಲ ನಲ್ಲಿ ತಿರುಗಿಸಿದಾಗ ಬಿಸಿನೀರು ಬರುವ ಮೊದಲು ಮೂರು ಲೀಟರಿನಷ್ಟು ಆರಿದ ನೀರನ್ನು ಹರಿಯಬಿಡಬೇಕಾಗುತ್ತದೆ. ಗೀಸರ್ ಟಬ್ಬಿಗೆ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು ಎನ್ನುವುದು ಈ ಕಾರಣಕ್ಕೆ. ಆದರೆ ಟಬ್ಬಿನಿಂದ ನೀರು ಸಿಡಿಯುವ ಅಥವಾ ಕೈಗೆಟಕುವ ಜಾಗದಲ್ಲಿ ಅದು ಇರಬಾರದು.

ನೀವು ಕೇಳಿದ ಕನೆಕ್ಷನ್ ಪೈಪಿನ ಬಗ್ಗೆ ಹೇಳುವುದಾದರೆ, ಸ್ಟೀಲ್ ಹೆಣಿಗೆಯ ಮೆದು ಪೈಪನ್ನು ಬಳಸಬಹುದು. ನೀರು ತುಂಬಿ ಜನ ಕುಳಿತಾಗ ಟಬ್ಬು ಒಂದಿಷ್ಟು ಕುಗ್ಗುತ್ತದೆ; ಬಿಗಿಯಾದ ಪೈಪಿಗೆ ಆ ಅಲುಗಾಟ ತಗುಲಿದರೆ ಜೋಡಣೆ ಸಡಿಲವಾಗುತ್ತದೆ, ಮೆದು ಪೈಪು ಅದನ್ನು ತಾಳಿಕೊಳ್ಳುತ್ತದೆ. ಆದರೆ ಅರ್ಧ ಇಂಚಿನ ನಟ್ಟು ಇರುವ ಕನೆಕ್ಷನ್ ಪೈಪಿನ ಒಳರಂಧ್ರ ಎಷ್ಟೋ ಸಲ ಎಂಟು ಹತ್ತು ಮಿಲಿಮೀಟರ್ ಮಾತ್ರ ಇರುತ್ತದೆ. ಮುಕ್ಕಾಲು ಇಂಚಿನ ಪೈಪನ್ನು ಟ್ಯಾಂಕಿನಿಂದ ಎಳೆದು ತಂದು ಕೊನೆಯ ಒಂದೂವರೆ ಅಡಿಯಲ್ಲಿ ಇಂಥದ್ದನ್ನು ಹಾಕಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಅಂಗಡಿಯಲ್ಲಿ ಬೆಲೆ ಕೇಳುವ ಮೊದಲು ಪೈಪಿನ ತುದಿಯನ್ನು ಕಣ್ಣಿಗೆ ಹಿಡಿದು ರಂಧ್ರ ನೋಡಿ. ಬಿಸಿನೀರಿಗೆ ತಕ್ಕದ್ದೆಂದು ಅದರ ಮೇಲೆ ನಮೂದಿಸಿದೆಯೇ ಎಂಬುದನ್ನೂ ನೋಡಿ. ಉದ್ದ ಅಗತ್ಯಕ್ಕೆ ತಕ್ಕಷ್ಟೇ ಇರಲಿ, ಮಡಿಕೆ ಬೀಳದಿರಲಿ, ಗೋಡೆಯೊಳಗೆ ಮಾತ್ರ ಎಂದಿಗೂ ಹೂತುಹಾಕಬೇಡಿ.

ಗೋಡೆಯೊಳಗಿನ ಬಿಸಿನೀರಿನ ಪೈಪು ಸಿಪಿವಿಸಿ ಅಥವಾ ಪಿಪಿಆರ್ ಎಂಬ ಬಗೆಯ ಪ್ಲಾಸ್ಟಿಕ್‌ನದು, ಇಲ್ಲವೇ ತಾಮ್ರದ್ದಾಗಿರಬೇಕು. ತಣ್ಣೀರಿಗೆ ಬಳಸುವ ಬಿಳಿಯ ಯುಪಿವಿಸಿ ಬಿಸಿನೀರಿಗೆ ಮೆತ್ತಗಾಗಿ ಜೋಡಣೆಯಲ್ಲಿ ಬಿಡುತ್ತದೆ. ಸಿಪಿವಿಸಿಯಾದರೋ 93 ಡಿಗ್ರಿಯವರೆಗೆ ತಡೆಯುತ್ತದೆ. ಇವೆರಡನ್ನು ಅಂಟಿಸುವ ಸಾಲ್ವೆಂಟ್ ಬೇರೆ ಬೇರೆ, ಒಂದರ ಬದಲು ಇನ್ನೊಂದನ್ನು ಬಳಿಯಬಾರದು. ಥರ್ಮೋಸ್ಟಾಟ್ ಕೆಟ್ಟರೆ ಗೀಸರಿನಿಂದ ಕುದಿಯುವ ನೀರೇ ಹೊರಬರಬಹುದಾದ್ದರಿಂದ ಗೀಸರಿಗೆ ಹೊಂದಿಕೊಂಡ ಮೊದಲ ಮೊಳದಷ್ಟು ಉದ್ದ ಲೋಹದ್ದಿರಲಿ. ಬಿಸಿಗೆ ಪೈಪು ಹಿಗ್ಗುತ್ತದೆ ಎಂಬುದನ್ನೂ ಮರೆಯಬಾರದು: ಹತ್ತು ಮೀಟರ್ ಸಿಪಿವಿಸಿ ಪೈಪು 40 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 26 ಮಿಲಿಮೀಟರ್ ಉದ್ದವಾಗುತ್ತದೆ, ಅಷ್ಟೇ ಉದ್ದದ ತಾಮ್ರ ಏಳು ಮಿಲಿಮೀಟರ್ ಹಿಗ್ಗುತ್ತದೆ. ಕ್ಲ್ಯಾಂಪುಗಳು ಪೈಪನ್ನು ಹಿಡಿದಿರಬೇಕೇ ಹೊರತು ಕಚ್ಚಿರಬಾರದು. ಗೋಡೆಯ ಕಾಲುವೆಯಲ್ಲಿ ತಿರುವುಗಳ ಬಳಿ ಕೊಂಚ ಜಾಗ ಬಿಟ್ಟು, ಬಿಸಿನೀರಿನ ಪೈಪಿಗೆ ಶಾಖ ತಡೆಯುವ ಫೋಮ್ ಕೊಳವೆ ತೊಡಿಸಿ, ಆಮೇಲೆ ಸಿಮೆಂಟು ತುಂಬಬೇಕು. ಎರಡು ಪೈಪುಗಳು ಅಡ್ಡಲಾಗಿ ಹೋಗುವಲ್ಲಿ ಬಿಸಿನೀರಿನದು ಮೇಲೆ, ತಣ್ಣೀರಿನದು ಕೆಳಗೆ. ನಲ್ಲಿಯ ಎದುರು ನಿಂತಾಗ ಎಡಗಡೆ ಬಿಸಿ, ಬಲಗಡೆ ತಣ್ಣೀರು.

ಟಬ್ಬಿಗೆ ಬರುವ ಎರಡೂ ಪೈಪುಗಳಿಗೆ ಒಂದೊಂದು ಬಾಲ್ ವಾಲ್ವ್ ಹಾಕಿಸಿ. ಪೈಪಿನಷ್ಟೇ ಅಗಲವಾದ ರಂಧ್ರವಿರುವ ವಾಲ್ವೇ ಬೇಕು. ಅವು ಟಬ್ಬಿನ ಹೊರಮೈಗೆ ಹಾಕುವ ಹಲಗೆಯ ಹಿಂದೆ, ಕೈ ಹಾಕಿ ತಿರುಗಿಸುವಂತೆ ಇರಬೇಕು. ಇಲ್ಲಿ ಅನೇಕರು ತಪ್ಪುತ್ತಾರೆ. ನೋಟ ಕೆಡುತ್ತದೆಂದು ಟಬ್ಬಿನ ನಾಲ್ಕೂ ಬದಿಗೆ ಇಟ್ಟಿಗೆ ಕಟ್ಟಿ ಟೈಲ್ಸ್ ಮೆತ್ತಿಸುತ್ತಾರೆ. ನಾಲ್ಕು ವರ್ಷದ ಮೇಲೆ ಒಂದು ವಾಷರ್ ಸವೆದಾಗ ಆ ಟೈಲ್ಸನ್ನೆಲ್ಲ ಒಡೆಸುತ್ತಾರೆ. ಮಿಕ್ಸರ್ ಇರುವ ತುದಿಯಲ್ಲಿ ಕಳಚಿ ತೆಗೆಯಬಹುದಾದ, ಎರಡೂ ಕೈ ತೂರುವಷ್ಟು ಅಗಲವಾದ ಒಂದು ಬಾಗಿಲನ್ನು ಬಿಡಲೇಬೇಕು. ನಾನು ಈ ಒಂದು ವಿಷಯದಲ್ಲಿ ಮನೆಯವರ ಮಾತಿಗೂ ಒಪ್ಪುವುದಿಲ್ಲ.

ಅಂಚಿನ ಮೇಲೆ ಕೂರುವ ಮಿಕ್ಸರನ್ನು ಟಬ್ಬು ಹೊರಗಿರುವಾಗಲೇ ಬಿಗಿದು, ಕೆಳಗಿನಿಂದ ಕನೆಕ್ಷನ್ ಪೈಪುಗಳನ್ನು ಸೇರಿಸಿ, ಯಾವುದು ಬಿಸಿಯದು ಯಾವುದು ತಣ್ಣೀರಿನದು ಎಂದು ಗುರುತು ಮಾಡಿ, ಆಮೇಲೆ ಟಬ್ಬನ್ನು ಜಾಗಕ್ಕೆ ಸರಿಸುವುದು ಬುದ್ಧಿವಂತಿಕೆ. ಗೋಡೆಗೆ ತಾಗಿದ ಟಬ್ಬಿನ ಕೆಳಗೆ ಮಲಗಿ, ಕತ್ತಲಲ್ಲಿ ತಡಕಾಡಿ ಬಿಗಿದ ನಟ್ಟು ನೆಟ್ಟಗೆ ಕೂತಿರುವುದು ಅಪರೂಪ. ಕೆಲಸ ಶುರುಮಾಡುವ ಮುನ್ನ ಗೀಸರಿನ ವಿದ್ಯುತ್ತನ್ನು ಮೂಲದಲ್ಲೇ ಆರಿಸಿ, ನೀರನ್ನು ನಿಲ್ಲಿಸಿ. ಎಲ್ಲ ಮುಗಿದು ಬಿಸಿನೀರಿನ ನಲ್ಲಿಯಲ್ಲಿ ಗಾಳಿಯಿಲ್ಲದೆ ನೀರು ಧಾರೆಯಾಗಿ ಬರುವವರೆಗೆ ಗೀಸರಿನ ಸ್ವಿಚ್ಚನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳಿ, ಏಕೆಂದರೆ ನೀರಿಲ್ಲದೆ ಉರಿದ ಕಾಯಿಲ್ ಕೆಲವೇ ಕ್ಷಣಗಳಲ್ಲಿ ಸುಟ್ಟುಹೋಗಬಹುದು.

ಜೋಡಣೆಯಲ್ಲಿ ಎರಡು ಬಗೆ. ಮರೆಯ (ತಿರುಪಿನ ಸುತ್ತುಗೆರೆ, ಥ್ರೆಡ್) ಮೇಲೆ ಮರೆ ಕಚ್ಚಿ ನೀರು ತಡೆಯುವ ಕಡೆ ಟೆಫ್ಲಾನ್ ಟೇಪ್ ಬೇಕು; ಮರೆಯ ತುದಿಯನ್ನು ನಿಮ್ಮ ಕಡೆಗೆ ಹಿಡಿದುಕೊಂಡು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಸುತ್ತಿದರೆ, ಬಿಗಿಯುವಾಗ ಅದು ಬಿಚ್ಚಿಕೊಳ್ಳುವುದಿಲ್ಲ. ರಬ್ಬರ್ ವಾಷರ್ ಒತ್ತಿ ನೀರು ತಡೆಯುವ ಕಡೆ ಟೇಪ್ ಸುತ್ತುವುದು ಅನಗತ್ಯ ಮಾತ್ರವಲ್ಲ, ವಾಷರ್ ಸರಿಯಾಗಿ ಕೂರದಂತೆ ಮಾಡುವುದರಿಂದ ಸೋರಿಕೆಗೂ ದಾರಿ. ಅಂಥ ನಟ್ಟನ್ನು ಕೈಯಿಂದ ಪೂರ್ತಿ ತಿರುಗಿಸಿ, ಬಳಿಕ ಪಾನಾದಿಂದ ಕಾಲು ಸುತ್ತು ಬಿಗಿದರೆ ಆಯಿತು. ಸಿಪಿವಿಸಿ ಪೈಪಿಗೆ ಲೋಹದ ನಲ್ಲಿ ಸೇರುವಲ್ಲಿ ಹಿತ್ತಾಳೆಯ ಮರೆ ಇರುವ ಫಿಟ್ಟಿಂಗನ್ನೇ ಬಳಸಿ. ಪ್ಲಾಸ್ಟಿಕ್ ಮರೆಗೆ ಲೋಹವನ್ನು ಬಿಗಿದರೆ ಅದು ಇಂದಲ್ಲ ನಾಳೆ ಸೀಳುತ್ತದೆ. ಮಿಕ್ಸರ್‌ಗೆ ಕೊನೆಯ ನಟ್ಟು ಹಾಕುವ ಮೊದಲು ಎರಡೂ ಪೈಪುಗಳಿಂದ ಒಂದೊಂದು ಬಕೆಟ್ ನೀರನ್ನು ರಭಸವಾಗಿ ಹರಿಯಬಿಡಿ. ಹೊಸ ಪೈಪಿನಲ್ಲಿ ಗರಗಸದ ಪುಡಿ, ಮರಳು, ಟೇಪಿನ ಚೂರು ಇದ್ದೇ ಇರುತ್ತದೆ, ಅದು ಮಿಕ್ಸರಿನ ಒಳಗಿನ ಕಾರ್ಟ್ರಿಜ್ ಸೇರಿದರೆ ಹೊಸ ನಲ್ಲಿ ಮೊದಲ ದಿನವೇ ತೊಟ್ಟಿಕ್ಕುತ್ತದೆ.

ಟಬ್ಬಿನ ನೀರು ಹಿಂದಕ್ಕೆ ಸೆಳೆದುಕೊಂಡು ಹೋಗಿ ಮನೆಯ ಶುದ್ಧ ನೀರಿಗೆ ಸೇರದಂತೆಯೂ ನೋಡಿಕೊಳ್ಳಬೇಕು. ನಲ್ಲಿಯ ಬಾಯಿ ಟಬ್ಬಿನ ಅಂಚಿಗಿಂತ ಕನಿಷ್ಠ 20 ಮಿಲಿಮೀಟರ್ ಅಥವಾ ನಲ್ಲಿಯ ಒಳರಂಧ್ರದ ಎರಡರಷ್ಟು, ಇವುಗಳಲ್ಲಿ ಯಾವುದು ಹೆಚ್ಚೋ ಅಷ್ಟು ಎತ್ತರದಲ್ಲಿದ್ದರೆ ಆ ಭಯವಿಲ್ಲ. ಹ್ಯಾಂಡ್ ಶವರಿನ ಮಾತು ಬೇರೆ: ಅದು ಕೈಜಾರಿ ನೀರಿನೊಳಗೆ ಬಿದ್ದಿರುವಾಗ ಪಂಪು ನಿಂತು, ಕೆಳಗಿನ ಅಂತಸ್ತಿನಲ್ಲಿ ಯಾರಾದರೂ ನಲ್ಲಿ ತೆರೆದರೆ, ಸೋಪಿನ ನೀರು ಪೈಪಿನೊಳಕ್ಕೆ ಏರಬಹುದು. ಬಾಲ್ ವಾಲ್ವ್ ದಾಟಿದ ಮೇಲೆ ಎರಡೂ ಪೈಪುಗಳಿಗೆ ನಾನ್ ರಿಟರ್ನ್ ವಾಲ್ವ್ ಹಾಕುವುದು ಇದಕ್ಕಾಗಿ. ಹಿಂದೆ ಹೇಳಿದ ಅಡ್ಡಹರಿವನ್ನೂ ಅದೇ ತಡೆಯುತ್ತದೆ. ಸ್ಪ್ರಿಂಗ್ ಇರುವ ವಾಲ್ವ್ ತೆರೆಯಲು ತಾನೇ ಒಂದಿಷ್ಟು ಒತ್ತಡವನ್ನು ನುಂಗುತ್ತದೆ, ಆದ್ದರಿಂದ ಟ್ಯಾಂಕಿನ ನೀರನ್ನೇ ನೆಚ್ಚಿಕೊಂಡವರು ಕಡಿಮೆ ಒತ್ತಡಕ್ಕೆ ತೆರೆಯುವಂಥದ್ದನ್ನು ಕೇಳಿ ತರಬೇಕು.

ಮನೆಯಲ್ಲಿ ಚಿಕ್ಕ ಮಕ್ಕಳೋ ವಯಸ್ಸಾದವರೋ ಇದ್ದರೆ ಮಿಕ್ಸರ್‌ಗಿಂತ ಮೊದಲು ಉಷ್ಣತೆಯನ್ನು ಮಿತಿಯಲ್ಲಿಡುವ ಥರ್ಮೋಸ್ಟಾಟಿಕ್ ವಾಲ್ವ್ ಇರಲಿ. 60 ಡಿಗ್ರಿಯ ನೀರು ಸುಮಾರು ಐದು ಸೆಕೆಂಡಿನಲ್ಲಿ ದೊಡ್ಡವರ ಚರ್ಮವನ್ನೂ ಆಳವಾಗಿ ಸುಡುತ್ತದೆ. ಮಕ್ಕಳ ಚರ್ಮಕ್ಕೆ ಅಷ್ಟೂ ಬೇಡ. ಹಾಗಾದರೆ ಗೀಸರನ್ನೇ 45 ಡಿಗ್ರಿಗೆ ಇಳಿಸಿದರಾಯಿತಲ್ಲ ಎನ್ನಬಹುದು. ನಿಂತ ನೀರಿನಲ್ಲಿ 20ರಿಂದ 45 ಡಿಗ್ರಿಯ ನಡುವೆ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತದೆ, 60 ಡಿಗ್ರಿಯಲ್ಲಿ ಸಾಯುತ್ತದೆ. ಆದ್ದರಿಂದ ಸಂಗ್ರಹ 60ರಲ್ಲಿರಲಿ, ಟಬ್ಬಿಗೆ ಬರುವಾಗ 48 ಮೀರದಿರಲಿ. ಈ ವಾಲ್ವ್ ಸರಿಯಾಗಿ ಕೆಲಸ ಮಾಡಲಿಕ್ಕೂ ಎರಡು ಕಡೆಯ ಒತ್ತಡ ಹೆಚ್ಚುಕಡಿಮೆ ಸಮನಾಗಿರಬೇಕು. ವಾಲ್ವ್ ಇರಲಿ ಇಲ್ಲದಿರಲಿ, ಟಬ್ಬಿಗೆ ಮೊದಲು ತಣ್ಣೀರು ಬಿಟ್ಟು ಬಳಿಕ ಬಿಸಿನೀರು ಬಿಡುವ ಅಭ್ಯಾಸ ಒಳ್ಳೆಯದು.

ಗೀಸರಿನ ಸೇಫ್ಟಿ ವಾಲ್ವ್ ಕಾಯುವಾಗ ಹನಿಹನಿಯಾಗಿ ತೊಟ್ಟಿಕ್ಕಿದರೆ ಗಾಬರಿಯಾಗಬೇಡಿ. 15ರಿಂದ 60 ಡಿಗ್ರಿಗೆ ಕಾದ ನೀರು ನೂರಕ್ಕೆ ಸುಮಾರು 1.6ರಷ್ಟು ಹಿಗ್ಗುತ್ತದೆ, ಅಂದರೆ 80 ಲೀಟರಿಗೆ ಒಂದೂಕಾಲು ಲೀಟರಿನಷ್ಟು. ಒಳಹರಿವಿನಲ್ಲಿ ನಾನ್ ರಿಟರ್ನ್ ವಾಲ್ವ್ ಇರುವಾಗ ಆ ಹೆಚ್ಚುವರಿ ನೀರಿಗೆ ಹೊರಬರಲು ಇರುವುದು ಇದೊಂದೇ ದಾರಿ. ಅದಕ್ಕೆ ಒಂದು ಚಿಕ್ಕ ಕೊಳವೆ ಸಿಕ್ಕಿಸಿ ನೆಲದ ಜಾಲರಿಗೆ ಬಿಡಿ; ತೊಟ್ಟಿಕ್ಕುವುದು ಕಿರಿಕಿರಿ ಎಂದು ಎಂಡ್ ಪ್ಲಗ್ ಹಾಕಿ ಮುಚ್ಚಿದರೆ ಗೀಸರ್ ಸಿಡಿಯುವ ಅಪಾಯವಿದೆ.

ಪರೀಕ್ಷೆಯನ್ನು ಗೋಡೆಯ ಕಾಲುವೆ ಮುಚ್ಚುವ ಮೊದಲೇ ಮಾಡಿಸಿ. ಸಾಲ್ವೆಂಟ್ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಜೋಡಣೆ ಒಣಗಿದ ನಂತರ ಗೀಸರನ್ನು ಬೇರ್ಪಡಿಸಿ, ತುದಿಗಳಿಗೆ ಪ್ಲಗ್ ಹಾಕಿ, ಪೈಪಿನೊಳಗಿನ ಗಾಳಿಯನ್ನೆಲ್ಲ ಹೊರಬಿಟ್ಟು, ದಿನನಿತ್ಯದ ಒತ್ತಡದ ಒಂದೂವರೆ ಪಟ್ಟು ಬರುವವರೆಗೆ ಕೈಪಂಪಿನಿಂದ ಒತ್ತಿ ನಿಲ್ಲಿಸಬೇಕು. ಕೆಲವು ಗಂಟೆಗಳ ಮೇಲೂ ಒತ್ತಡ ತೋರಿಸುವ ಮಾಪಕದ ಮುಳ್ಳು ಇಳಿಯದಿದ್ದರೆ ಪೈಪಿನ ಕೆಲಸ ಸರಿಯಾಗಿದೆ. ಟಬ್ಬು ಕೂತ ಮೇಲೆ ಇನ್ನೊಮ್ಮೆ, ಈ ಸಲ ಗೀಸರನ್ನು ಪೂರ್ತಿ ಕಾಯಿಸಿ ಬಿಸಿನೀರಿನಿಂದಲೇ ನೋಡಿ, ಏಕೆಂದರೆ ತಣ್ಣೀರಿಗೆ ಸೋರದ ಜೋಡಣೆ ಬಿಸಿಗೆ ಹಿಗ್ಗಿದಾಗ ಸೋರುವುದುಂಟು. ಪ್ರತಿ ನಟ್ಟಿನ ಸುತ್ತ ಒಣಗಿದ ತೆಳು ಕಾಗದವನ್ನು ಒತ್ತಿ ಹಿಡಿದರೆ ಕಣ್ಣಿಗೆ ಕಾಣದ ಒಸರೂ ತಿಳಿಯುತ್ತದೆ. ಕೊನೆಗೆ ಟಬ್ಬನ್ನು ನೀರಿನಿಂದ ತುಂಬಿ, ಅದು ತೂಕಕ್ಕೆ ಕುಗ್ಗಿದ ಸ್ಥಿತಿಯಲ್ಲಿಯೇ ಗೋಡೆಯಂಚಿಗೆ ಸಿಲಿಕಾನ್ ಹಾಕಿಸಿ, ಅದು ಗಟ್ಟಿಯಾಗುವವರೆಗೆ ನೀರನ್ನು ಹಾಗೆಯೇ ಬಿಡಿ. ಖಾಲಿ ಟಬ್ಬಿಗೆ ಹಾಕಿದ ಸಿಲಿಕಾನ್ ಮೊದಲ ಸ್ನಾನದಲ್ಲೇ ಎಳೆದುಕೊಂಡು ಬಿರುಕುಬಿಡಬಹುದು. ಮಿಕ್ಸರಿನ ತುದಿಯ ಬಾಗಿಲನ್ನು ಒಂದು ವಾರ ಮುಚ್ಚದೆ ಬಿಟ್ಟು, ದಿನಕ್ಕೊಮ್ಮೆ ಟಾರ್ಚ್ ಹಿಡಿದು ನೋಡಿ, ಆಮೇಲೆ ಸ್ಕ್ರೂ ಬಿಗಿಯಬಹುದು.